ಕೂಗಿದ್ದೆಲ್ಲ ಚಿನ್ನವಲ್ಲ

ನಮ್ಮ ಪೆರ್ಡೂರಿನಿಂದ ತೆಂಕು ದಿಕ್ಕಿಗೆ ಹೋಗಿ ಹಿರಿಯಡಕ ದಾಟಿದರೆ ಸಿಗುವ ಹೊಳೆಯ ಹೆಸರು ಸ್ವರ್ಣಾ. ಬಡಗು ದಿಕ್ಕಿಗೆ, ಕೊಕ್ಕರ್ಣೆಯ ಕಡೆಗೆ ಹೋದರೆ ಸಿಗುವುದು ಸೀತಾ. ಒಂದು ಕಡೆ ಚಿನ್ನ, ಇನ್ನೊಂದು ಕಡೆ ಚಿನ್ನದ ಜಿಂಕೆಗೆ ಆಸೆಪಟ್ಟು ಕಷ್ಟಕ್ಕೆ ಸಿಕ್ಕಿದ ತಾಯಿ. ಇವೆರಡರ ನಡುವೆ ಮನೆ ಕಟ್ಟಿಕೊಂಡಿರುವ ನಮಗೆ ಬೇರೆ ಬುದ್ಧಿವಾದ ಬೇಕಿರಲಿಲ್ಲ. ಆದರೆ ಹೊಳೆಯ ಹೆಸರನ್ನು ಯಾರು ಅಷ್ಟು ಯೋಚಿಸಿ ಹೇಳುತ್ತಾರೆ? ಬಜೆಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಸ್ವರ್ಣೆಯ ನೀರನ್ನು ಉಡುಪಿಯವರು, ಮಣಿಪಾಲದವರು ಕುಡಿಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅದು ನಿಜಕ್ಕೂ ಚಿನ್ನವೇ. ಮಳೆ ಬಂದ ಮೇಲೆ ಮತ್ತೆ ಬರೀ ಹೊಳೆ.

ಈ ಹೊಳೆಯ ಹೆಸರನ್ನೇ ಆಧಾರವಾಗಿ ಹಿಡಿದುಕೊಂಡು ನನ್ನ ಹಳೆಯ ಶಿಷ್ಯನೊಬ್ಬ ಕಳೆದ ವರ್ಷ ಮನೆಗೆ ಬಂದಿದ್ದ. ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನವನು. ಆದರೆ ಪ್ರಯೋಗದ ದಿನ ಮಾತ್ರ ಮುಂದೆ ಬಂದು ನಿಲ್ಲುತ್ತಿದ್ದವನು. ಹದಿನಾಲ್ಕು ವರ್ಷ ಗಲ್ಫಿನಲ್ಲಿ ದುಡಿದು, ಕಂಪೆನಿ ಆಳುಗಳನ್ನು ಕಡಿಮೆ ಮಾಡಿದಾಗ ಊರಿಗೆ ಮರಳಿದ್ದಾನೆ. ಕೈಯಲ್ಲೊಂದು ಉದ್ದನೆಯ ಪೆಟ್ಟಿಗೆ. ಬಿಚ್ಚಿದರೆ ಒಳಗೆ ಕೋಲು, ಕೋಲಿನ ತುದಿಗೆ ದೋಸೆ ಕಾವಲಿಯಷ್ಟು ಅಗಲದ ತಟ್ಟೆ, ಹಿಡಿಯ ಹತ್ತಿರ ಒಂದು ಸಣ್ಣ ಪರದೆ, ಕಿವಿಗೆ ಇಟ್ಟುಕೊಳ್ಳುವ ಹೆಡ್‌ಫೋನು. ಲೋಹಶೋಧಕ. ಊರಿನ ಭಾಷೆಯಲ್ಲಿ ಮೆಟಲ್ ಡಿಟೆಕ್ಟರ್.

"ಮಾಸ್ಟ್ರೇ, ಆಸ್ಟ್ರೇಲಿಯಾದಲ್ಲಿ ಜನ ಇದನ್ನು ಹಿಡ್ಕೊಂಡು ಗುಡ್ಡದಲ್ಲಿ ನಡೀತಾರೆ. ಕಿಂಯ್ ಅಂದಲ್ಲಿ ಅಗೆದರೆ ಚಿನ್ನದ ಗಟ್ಟಿ! ನಾನು ಫೋನಿನಲ್ಲಿ ಎಷ್ಟೋ ವೀಡಿಯೋ ನೋಡಿದ್ದೇನೆ. ನಮ್ಮಲ್ಲಿ ಹೊಳೆಗೇ ಸ್ವರ್ಣಾ ಅಂತ ಹೆಸರುಂಟು. ಹಿರಿಯರು ಸುಮ್ಮನೆ ಇಟ್ಟಿರ್ತಾರಾ?"

"ಇದಕ್ಕೆ ಎಷ್ಟು ಕೊಟ್ಟೆ ಮಾರಾಯ?" ಎಂದು ಕೇಳಿದೆ.

ಅವನು ಮೊತ್ತ ಹೇಳಲಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬನಿಂದ ತರಿಸಿದ್ದು ಎಂದ. ಆಮೇಲೆ ಚಹಾ ಕುಡಿಯುತ್ತ, ನನ್ನ ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲನೆ ಹೇಳಿದ: ಮನೆಯವಳ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ಹಣ ಕಳಿಸಿದ್ದಂತೆ. ಕೈಯಲ್ಲಿದ್ದ ಚಿನ್ನವನ್ನು ಕೊಟ್ಟು, ಇಲ್ಲದ ಚಿನ್ನವನ್ನು ಹುಡುಕುವ ಯಂತ್ರ ತಂದಿದ್ದಾನೆ. ನಗುವ ವಿಷಯವಾಗಿರಲಿಲ್ಲ. 2025ರಲ್ಲಿ ಹತ್ತು ಗ್ರಾಮ್ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಬುದ್ಧಿವಂತರ ತಲೆಯೂ ಸ್ವಲ್ಪ ತಿರುಗಿದೆ. ಕೆಲಸ ಕಳೆದುಕೊಂಡವನ ಪಾಡು ಕೇಳಬೇಕೇ?

ಅವನಿಗೆ ಬುದ್ಧಿ ಹೇಳುವ ಬದಲು ಪ್ರಯೋಗ ಮಾಡಿಯೇ ನೋಡುವ ಎಂದೆ. ಮೇಷ್ಟರ ಜಾಯಮಾನ ಅದು.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ತಟ್ಟೆಯೊಳಗೆ ತಂತಿಯ ಸುರುಳಿಯಿದೆ. ಅದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ ಹರಿಯುತ್ತದೆ. ಅದರಿಂದ ಸುತ್ತಲೂ ಏರುತ್ತ ಇಳಿಯುತ್ತ ಇರುವ ಕಾಂತಕ್ಷೇತ್ರ ಹುಟ್ಟುತ್ತದೆ. ನೆಲದಲ್ಲಿ ಲೋಹದ ತುಂಡಿದ್ದರೆ ಅದರ ಮೈಯಲ್ಲಿ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಮಳೆಗಾಲದ ಹೊಳೆಯಲ್ಲಿ ಬಂಡೆಯ ಹಿಂದೆ ನೀರು ತಿರುಗುವುದಿಲ್ಲವೇ, ಹಾಗೆ. ಆ ಸುಳಿಗಳು ತಮ್ಮದೇ ಪುಟ್ಟ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತವೆ. ತಟ್ಟೆಯಲ್ಲಿರುವ ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ, ಹತ್ತನೆಯ ತರಗತಿಯ ಪಾಠ. ಅದರಾಚೆಗಿನ ಮಂತ್ರ ಏನೂ ಇಲ್ಲ.

ಈ ತತ್ತ್ವವನ್ನು ಮೊದಲು ದೊಡ್ಡ ಪರೀಕ್ಷೆಗೆ ಒಡ್ಡಿದವನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಹುಡುಕಿದ್ದು ಚಿನ್ನವನ್ನಲ್ಲ, ಗುಂಡನ್ನು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಬೆಲ್ ತನ್ನ ಯಂತ್ರ ತಂದು ಹುಡುಕಿದ, ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದ್ದವು. ಅದಕ್ಕಿಂತ ಹೆಚ್ಚಾಗಿ, ಗುಂಡು ಬಲಭಾಗದಲ್ಲೇ ಇದೆಯೆಂದು ವೈದ್ಯರು ಹಠ ಹಿಡಿದಿದ್ದರಿಂದ ಹುಡುಕಾಟ ಆ ಕಡೆಗೇ ನಡೆಯಿತು. ಗುಂಡು ಇದ್ದದ್ದು ಎಡಕ್ಕೆ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಯಂತ್ರ ಚೆನ್ನಾಗಿದ್ದರೆ ಸಾಲದು, ಎಲ್ಲಿ ಹುಡುಕಬೇಕೆಂಬುದು ಮನುಷ್ಯನಿಗೆ ಗೊತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂದೆ 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಎಂಬ ಜರ್ಮನ್ ಮೂಲದ ಎಂಜಿನಿಯರ್ ಅಮೆರಿಕದಲ್ಲಿ ಕೈಯಲ್ಲಿ ಹಿಡಿದು ನಡೆಯುವಂಥದ್ದನ್ನು ಮಾಡಿ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬು ಹುಡುಕಲು ಅದರದೇ ಬಳಗದ ಯಂತ್ರಗಳು ಸಾಲುಸಾಲಾಗಿ ಮರುಭೂಮಿಗೆ ಹೋದವು. ಯುದ್ಧ ಮುಗಿದ ಮೇಲೆ ಚಿನ್ನದ ಹುಚ್ಚಿನವರ ಕೈಗೆ ಬಂದವು.

ಈಗ ನಮ್ಮ ಅಂಗಳದ ಪ್ರಯೋಗ. ಚಿನ್ನ ಬೇಕಿತ್ತು. ನನ್ನ ಹೆಂಡತಿಯ ಕಿವಿಯ ಬೆಂಡೋಲೆಯ ಕಡೆಗೆ ನೋಡಿದೆ. "ನನ್ನ ಬೆಂಡೋಲೆ ಹೂಳುವ ವಿಜ್ಞಾನ ನನಗೆ ಬೇಡ. ನಿಮ್ಮ ಉಂಗುರ ಉಂಟಲ್ಲ?" ಎಂದಳು. ಸರಿ, ಮದುವೆಯ ಉಂಗುರ ಬಿಚ್ಚಿದೆ. ಸುಮಾರು ನಾಲ್ಕು ಗ್ರಾಮ್ ತೂಕದ್ದು. ಜತೆಗೆ ಹತ್ತು ರೂಪಾಯಿಯ ನಾಣ್ಯ, ಸೋಡಾ ಬಾಟಲಿಯ ಮುಚ್ಚಳ, ಮೂರಿಂಚಿನ ಮೊಳೆ, ಚಾಕೊಲೇಟಿನ ಬೆಳ್ಳಿಕಾಗದದ ಒಂದು ಉಂಡೆ. ತೆಂಗಿನ ಬುಡದ ಮರಳು ಮಿಶ್ರಿತ ಮಣ್ಣಿನಲ್ಲಿ ಇವನ್ನು ಬೇರೆ ಬೇರೆ ಆಳದಲ್ಲಿ ಹೂತು, ಮೇಲೆ ಯಂತ್ರ ಆಡಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.

ನಾಣ್ಯ ಒಂದು ಗೇಣು ಆಳದಿಂದಲೂ ಸದ್ದು ಕೊಟ್ಟಿತು. ಉಂಗುರ ನಾಲ್ಕಿಂಚಿನವರೆಗೆ ಸ್ಪಷ್ಟ, ಐದಕ್ಕೆ ಅನುಮಾನ, ಆರಕ್ಕೆ ಮೌನ. ಅದೂ ಉಂಗುರವಾದದ್ದರಿಂದ. ಉಂಗುರವೆಂದರೆ ಮುಚ್ಚಿದ ವೃತ್ತ, ವಿದ್ಯುತ್ ಸುಳಿಗೆ ಓಡಲು ಹೇಳಿ ಮಾಡಿಸಿದ ದಾರಿ. ಅಷ್ಟೇ ತೂಕದ ಒರಟು ಗಟ್ಟಿ ಇಷ್ಟು ದೊಡ್ಡದಾಗಿ ಕೂಗುವುದಿಲ್ಲ. ಚಿನ್ನದ ಪುಡಿಯಂತೂ ಕೂಗುವುದೇ ಇಲ್ಲ. ಒಂದೊಂದು ಕಣದ ಸುಳಿಯೂ ಅಷ್ಟು ಕ್ಷೀಣ.

ಇನ್ನೊಂದು ಸಂಗತಿ ಶಿಷ್ಯನ ಮುಖವನ್ನು ಸಪ್ಪೆ ಮಾಡಿತು. ಬೆಳ್ಳಿಕಾಗದದ ಉಂಡೆಗೂ ಉಂಗುರಕ್ಕೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಅಂಕಿ. ಕಿವಿಗೆ ಒಂದೇ ಸ್ವರ. ಕಸವನ್ನು ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳಬಹುದು, ಅದಕ್ಕೊಂದು ಗುಂಡಿಯೂ ಇದೆ. ಹಾಗೆ ಹೇಳಿದರೆ ಅದು ಕಸದ ಜತೆಗೆ ಉಂಗುರವನ್ನೂ ಬಿಟ್ಟುಬಿಡುತ್ತದೆ. ಯಂತ್ರ "ಇಲ್ಲಿ ಏನೋ ಉಂಟು" ಎನ್ನುತ್ತದೆ. ಅದು ಏನೆಂಬುದನ್ನು ಬಗ್ಗಿ ಅಗೆದವನೇ ನೋಡಬೇಕು.

ಆಮೇಲೆ ತೆಂಗಿನ ಬುಡ ಬಿಟ್ಟು ಮನೆಯ ಹಿಂದಿನ ಮುರಕಲ್ಲಿನ ದರೆಯ ಹತ್ತಿರ ಹೋದೆವು. ಅಲ್ಲಿ ಏನೂ ಹೂಳದೆಯೇ ಯಂತ್ರ ಗುಂಯ್ ಎನ್ನತೊಡಗಿತು. ಎಡಕ್ಕೆ ಹಿಡಿದರೂ ಗುಂಯ್, ಬಲಕ್ಕೆ ಹಿಡಿದರೂ ಗುಂಯ್. ಶಿಷ್ಯನ ಕಣ್ಣು ಅರಳಿತು. ನಾನು ಒಂದು ಕೆಂಪುಕಲ್ಲಿನ ಚೂರನ್ನು ತೆಗೆದು ತಟ್ಟೆಯ ಮುಂದೆ ಆಡಿಸಿದೆ. ಅದೂ ಕೂಗಿತು.

ಕಾರಣ ಕಬ್ಬಿಣ. ನಮ್ಮ ಕರಾವಳಿಯ ಮುರಕಲ್ಲಿಗೆ ಆ ಕೆಂಪು ಬಣ್ಣ ಕೊಟ್ಟದ್ದೇ ಕಬ್ಬಿಣದ ಆಕ್ಸೈಡು. ಲಕ್ಷಾಂತರ ವರ್ಷಗಳ ಮಳೆ ಬಂಡೆಯಿಂದ ಕರಗುವುದನ್ನೆಲ್ಲ ಕರಗಿಸಿ ಕೊಂಡೊಯ್ದು, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮನ್ನು ಉಳಿಸಿಹೋದದ್ದರ ಫಲ ಅದು. 1801ರಲ್ಲಿ ನಮ್ಮ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಬಗೆಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದದ್ದು. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ, ಲೋಹಶೋಧಕಕ್ಕೆ ಇದಕ್ಕಿಂತ ಕೆಟ್ಟ ನೆಲವಿಲ್ಲ. ಆಸ್ಟ್ರೇಲಿಯಾದ ಚಿನ್ನದ ಸೀಮೆಯಲ್ಲೂ ಇಂಥದೇ ಕೆಂಪು ನೆಲದ ಕಾಟವಿದೆ. ಅದನ್ನು ದಾಟಲೆಂದೇ ಅಲ್ಲಿನವರು 1990ರ ದಶಕದಲ್ಲಿ ಬೇರೆ ಬಗೆಯ ಯಂತ್ರಗಳನ್ನು ರೂಪಿಸಿದರು. ವಿದ್ಯುತ್ತನ್ನು ಬಿಟ್ಟು ಬಿಟ್ಟು ಹಾಯಿಸಿ, ನಿಲ್ಲಿಸಿದ ಮರುಕ್ಷಣದ ಮಾರ್ದನಿಯನ್ನು ಕೇಳುವಂಥವು. ಶಿಷ್ಯನ ಯಂತ್ರ ಆ ಜಾತಿಯದಲ್ಲ.

"ಹಾಗಾದರೆ ಆಸ್ಟ್ರೇಲಿಯಾದವರಿಗೆ ಸಿಕ್ಕಿದ್ದು ಸುಳ್ಳಾ ಮಾಸ್ಟ್ರೇ?"

ಸುಳ್ಳಲ್ಲ. 1869ರಲ್ಲಿ ವಿಕ್ಟೋರಿಯಾ ಪ್ರಾಂತದ ಮೋಲಿಯಾಗುಲ್ ಎಂಬಲ್ಲಿ ಇಬ್ಬರಿಗೆ ಮರದ ಬೇರುಗಳ ನಡುವೆ, ನೆಲದಿಂದ ಒಂದೆರಡು ಇಂಚು ಕೆಳಗೆ, ಸಿಕ್ಕಿದ ಗಟ್ಟಿಯಲ್ಲಿ ಶುದ್ಧ ಚಿನ್ನವೇ 70 ಕಿಲೋ ಮೀರಿತ್ತು. ತೂಗುವ ತಕ್ಕಡಿ ಇಲ್ಲದೆ ಅದನ್ನು ಅಡಿಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತು. ಆಗ ಯಂತ್ರವಿರಲಿಲ್ಲ. 1980ರಲ್ಲಿ ಅದೇ ಪ್ರಾಂತದ ಕಿಂಗೋವರ್ ಬಳಿ ಕೆವಿನ್ ಹಿಲಿಯರ್ ಎಂಬವನಿಗೆ ಲೋಹಶೋಧಕವೇ 27.2 ಕಿಲೋದ ಗಟ್ಟಿಯೊಂದನ್ನು ತೋರಿಸಿಕೊಟ್ಟಿತು. ಲೋಹಶೋಧಕದಿಂದ ಸಿಕ್ಕಿದ ಗಟ್ಟಿಗಳಲ್ಲಿ ಅದೇ ದೊಡ್ಡದು. ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು. ಹಾಗಾಗಿ ಪೂರ್ತಿ ಚಿನ್ನವೆಂದೇ ಲೆಕ್ಕ ಹಿಡಿದರೆ ಅಷ್ಟು ತೂಕದ್ದು ಒಂದೂವರೆ ಲೀಟರ್ ನೀರಿನ ಬಾಟಲಿಯಲ್ಲಿ ಹಿಡಿದೀತು. ನೋಡಿದವರಿಗೆ ತಲೆ ತಿರುಗದೆ ಇದ್ದೀತೇ?

ಆದರೆ ಅಲ್ಲಿಯ ನೆಲ ಬೇರೆ, ಕಥೆಯೂ ಬೇರೆ. ಅಲ್ಲಿ ಚಿನ್ನ ಹೊತ್ತ ಬಿಳಿಕಲ್ಲಿನ ಪದರಗಳು ಕೋಟ್ಯಂತರ ವರ್ಷ ಸವೆದು, ಹಗುರವಾದದ್ದು ಕೊಚ್ಚಿಹೋಗಿ, ಭಾರದ ಗಟ್ಟಿಗಳು ಮೇಲ್ಮಣ್ಣಿನಲ್ಲೇ ಕೂತಿದ್ದವು. ಆ ಖಂಡದ ಮೂಲನಿವಾಸಿಗಳು ಚಿನ್ನವನ್ನು ಅಗೆದು ಕರಗಿಸುವ ಗೋಜಿಗೆ ಹೋದವರಲ್ಲ. ಹತ್ತೊಂಬತ್ತನೆಯ ಶತಮಾನದ ಬಿಳಿಯರಿಗೆ ಅದು ಯಾರೂ ಗುಡಿಸದ ಅಂಗಳದಂತೆ ಸಿಕ್ಕಿತು. ನಮ್ಮ ಅಂಗಳವನ್ನಾದರೋ ಹಿರಿಯರು ಎಂದೋ ಗುಡಿಸಿ, ಸಾರಿಸಿ ಬಿಟ್ಟಿದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದರು. ಸಿಡಿಮದ್ದು ಇರಲಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಸೀಳುತ್ತಿದ್ದರು. ಇಂದಿಗೂ ಹಟ್ಟಿಯಲ್ಲಿ ಗಣಿ ನಡೆಯುತ್ತಿದೆ.

ಮರಳು ತೊಳೆದು ಚಿನ್ನದ ಕಣ ಹೆಕ್ಕುವವರಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರೇ ಉಂಟು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಅವರು ಮಳೆ ನಿಂತ ಮೇಲೆ ಮರದ ಮರಿಗೆಯಲ್ಲಿ ಮರಳು ತೊಳೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದ. ಅವರ ಬಳಿ ಇದ್ದ ಯಂತ್ರ ನೀರು ಮತ್ತು ಕೈ. ಬಿಳಿಕಲ್ಲಿನ ಮರಳಿನ ಸಾಂದ್ರತೆ 2.65, ಚಿನ್ನದ್ದು 19.3. ಮರಿಗೆಯನ್ನು ಕುಲುಕಿದರೆ ಮರಳು ತೇಲಿಹೋಗುತ್ತದೆ, ಚಿನ್ನ ತಳ ಹಿಡಿಯುತ್ತದೆ. ಲೋಹಶೋಧಕ ಕಾಣದ ಪುಡಿಯನ್ನೂ ಮರಿಗೆ ಬಿಡುವುದಿಲ್ಲ. ಕೋಲಾರದ ಚಿನ್ನ ಬ್ರಿಟಿಷರ ಕಣ್ಣಿಗೆ ಬಿದ್ದದ್ದೂ ಹೀಗೆಯೇ. 1802ರಲ್ಲಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಚಿನ್ನ ತೋರಿಸಿದವರಿಗೆ ಬಹುಮಾನ ಎಂದಾಗ ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿಸಿಕೊಂಡು ಬಂದು ಅವನೆದುರೇ ತೊಳೆದು ತೋರಿಸಿದರು. ಅದನ್ನು ಓದಿ ಆಸೆ ಹುಟ್ಟಿದ ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಬೆಂಗಳೂರಿನಿಂದ ಎತ್ತಿನಗಾಡಿಯಲ್ಲಿ ಹೊರಟ. ಮುಂದಿನದು ಎಲ್ಲರೂ ಬಲ್ಲ ಕೆ.ಜಿ.ಎಫ್.ನ ಚರಿತ್ರೆ.

ಆ ಕೆ.ಜಿ.ಎಫ್.ನಲ್ಲಿ ಕೂಡ ಗಟ್ಟಿಗಳು ನೆಲದ ಮೇಲೆ ಬಿದ್ದಿರಲಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಸುಮಾರು 3 ಗ್ರಾಮ್. ನಾನು ಈ ಲೆಕ್ಕವನ್ನು ಮಕ್ಕಳಿಗೆ ಕೊಡುತ್ತೇನೆ: 3 ಗ್ರಾಮ್ ಚಿನ್ನದ ಗಾತ್ರ ಎಷ್ಟು? 3ನ್ನು 19.3ರಿಂದ ಭಾಗಿಸಿದರೆ 0.155 ಘನ ಸೆಂಟಿಮೀಟರ್. ಎಂಟೊಂಬತ್ತು ಕುಚ್ಚಲಕ್ಕಿ ಕಾಳಿನಷ್ಟು. ಅದೂ ಕಾಳುಗಳಾಗಿ ಅಲ್ಲ, ಇಡೀ ಟನ್ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಧೂಳಾಗಿ ಹರಡಿಕೊಂಡು. ನಮ್ಮ ಊರಿನಲ್ಲಿ ಚಿನ್ನವನ್ನು ಪವನಿನಲ್ಲಿ ಅಳೆಯುತ್ತೇವಲ್ಲ, ಆ ಒಂದು ಪವನಿಗೆ, ಅಂದರೆ 8 ಗ್ರಾಮಿಗೆ, ಎರಡೂವರೆ ಟನ್ನಿಗಿಂತ ಹೆಚ್ಚು ಕಲ್ಲನ್ನು ಮೈಲುಗಟ್ಟಲೆ ಆಳದಿಂದ ಎತ್ತಿ ಹಿಟ್ಟು ಮಾಡಬೇಕು. ಚಿನ್ನದ ಗಣಿಯ ನಟ್ಟನಡುವೆ ನಿಂತು ಶಿಷ್ಯನ ಯಂತ್ರವನ್ನು ಆಡಿಸಿದರೂ ಆ ಧೂಳು ಚಕಾರ ಎತ್ತುವುದಿಲ್ಲ.

ಶಿಷ್ಯ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದ. ಆಮೇಲೆ ಸ್ವರ್ಣೆಯ ಮರಳನ್ನೂ ನೋಡಿಯೇ ಬಿಡುವ ಎಂದು ಒಂದು ಭಾನುವಾರ ಹೋದೆವು. ಮರಳಿನಲ್ಲಿ ಕಾಂತ ಎಳೆದಾಗ ಅದರ ಮೈಗೆ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಂಡಿತು. ಕಬ್ಬಿಣದ ಅದಿರಿನ ಕಣಗಳು. ಬಿಸಿಲಿಗೆ ಹೊಂಬಣ್ಣದಲ್ಲಿ ಮಿರುಗುತ್ತಿದ್ದದ್ದನ್ನು ಅವನು ಅಂಗೈಯಲ್ಲಿಟ್ಟು ತಂದ. ಉಗುರಿನಲ್ಲಿ ಒತ್ತಿದಾಗ ಪದರ ಪದರವಾಗಿ ಎದ್ದು ಬಂತು: ಅಭ್ರಕ. ಚಿನ್ನವಾಗಿದ್ದರೆ ಬಡಿದರೂ ಚಪ್ಪಟೆಯಾಗುತ್ತಿತ್ತೇ ಹೊರತು ಪುಡಿಯಾಗುತ್ತಿರಲಿಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದು ನಮ್ಮಲ್ಲಿ ಹಳೆಯ ಮಾತು.

ಹಾಗೆಂದು ಯಂತ್ರ ನಿಷ್ಪ್ರಯೋಜಕವೇ? ಅಲ್ಲ. ನೆರೆಮನೆಯ ಅಜ್ಜಿಯೊಬ್ಬರು ಅಡಿಕೆ ತೋಟದಲ್ಲಿ ಹುಲ್ಲು ಹೆರೆಯುವಾಗ ಒಂದು ಕಿವಿಯ ಬೆಂಡೋಲೆ ಕಳೆದುಕೊಂಡಿದ್ದರು. ತಾಯಿ ಕೊಟ್ಟ ಜೋಡಿ. ಆರು ತಿಂಗಳಿನಿಂದ ಖಾಲಿ ಕಿವಿಗೆ ಸೆರಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಯಂತ್ರದ ಸುದ್ದಿ ಕೇಳಿ, "ಮಗಾ, ನನ್ನದೊಂದು ಹುಡುಕಿ ಕೊಡ್ತೀಯಾ?" ಎಂದರು.

ತೋಡಿನ ಬದಿಯಿಂದ ನಾಲ್ಕು ಸಾಲು ಮರಗಳ ಜಾಗವನ್ನು ಹುರಿಹಗ್ಗ ಕಟ್ಟಿ ಪಟ್ಟೆ ಪಟ್ಟೆಯಾಗಿ ಭಾಗ ಮಾಡಿದೆವು. ಒಂದೊಂದು ಪಟ್ಟೆಯನ್ನು ಎರಡು ಸಲ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಎರಡು ದಿನ ಹಿಡಿಯಿತು. ಕೂಗಿದಲ್ಲೆಲ್ಲ ಅಗೆದೆವು. ಸಿಕ್ಕಿದ್ದು ಮುರಿದ ಕತ್ತಿಯ ತುದಿ, ಮದ್ದು ಬಿಡುವ ಪಂಪಿನ ಹಿತ್ತಾಳೆ ನಾಸಲ್, ಎತ್ತಿನ ಲಾಳ, ಮಾತ್ರೆಯ ಹಾಳೆ, ಅಲ್ಯುಮಿನಿಯಮಿನ ಹಳೆಯ ಎರಡು ಪೈಸೆ, ಕೊಡೆಯ ಕಡ್ಡಿ. ಆ ತೋಟದಲ್ಲಿ ಐವತ್ತು ವರ್ಷ ಯಾರು ಏನು ಮಾಡಿದರು ಎಂಬುದರ ಲೆಕ್ಕಪುಸ್ತಕವೇ ಬುಟ್ಟಿಯಲ್ಲಿ ತುಂಬಿತು. ಮೂವತ್ತೆಂಟನೆಯ ಗುಂಡಿಯಲ್ಲಿ, ಅಡಿಕೆ ಮರದ ಬುಡದಿಂದ ಒಂದು ಮೊಳ ದೂರದಲ್ಲಿ, ಎರಡಿಂಚು ಮಣ್ಣಿನ ಕೆಳಗೆ ಬೆಂಡೋಲೆ ಸಿಕ್ಕಿತು. ಆರು ತಿಂಗಳು ಕೆಸರಿನಲ್ಲಿದ್ದರೂ ಚೂರೂ ಕಳೆಗುಂದಿರಲಿಲ್ಲ. ತುಕ್ಕು ಹಿಡಿಯದಿರುವುದೇ ಚಿನ್ನದ ಗುಣ ಎಂದು ತರಗತಿಯಲ್ಲಿ ಹೇಳುವುದು ಬೇರೆ, ಹೀಗೆ ಕಾಣುವುದು ಬೇರೆ.

ಅಜ್ಜಿ ಅದನ್ನು ಚೆಂಬಿನ ನೀರಿನಲ್ಲಿ ತೊಳೆದು, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ನೋಡಿ ಕೇಳಿದರು: "ಇದರ ತಿರುಪು ಎಲ್ಲಿ?"

ಶಿಷ್ಯ ಮತ್ತೆ ಒಂದು ಗಂಟೆ ಹುಡುಕಿದ. ತಿರುಪು ಸಿಗಲಿಲ್ಲ. ಅಷ್ಟು ಸಣ್ಣದಕ್ಕೆ ಯಂತ್ರದ ಕಿವಿ ಸಾಲದು. ಆಚಾರ್ಯರಲ್ಲಿ ಹೊಸ ತಿರುಪು ಮಾಡಿಸಿದರಾಯಿತು ಎಂದು ಅಜ್ಜಿಯೇ ಸಮಾಧಾನ ಹೇಳಿ ಇಬ್ಬರಿಗೂ ಬೊಂಡ ಕೆತ್ತಿಸಿ ಕೊಟ್ಟರು.

ಆದರೆ ಈ ಸುದ್ದಿ ಹಬ್ಬಿದ ಹಿಂದೆಯೇ ಬೇರೆ ಬಗೆಯ ಗಿರಾಕಿಗಳು ಬಂದರು. ಒಂದು ಸಂಜೆ ಕಾರಿನಲ್ಲಿ ಇಬ್ಬರು. ಗುಡ್ಡದ ಮೇಲೆ ಪಾಳುಬಿದ್ದ ಗುಡಿಯೊಂದರ ಅಡಿಯಲ್ಲಿ ತಾಮ್ರದ ಹಂಡೆ ಉಂಟಂತೆ. ಅಮಾವಾಸ್ಯೆಯ ರಾತ್ರಿ ಬಂದು ಜಾಗ ತೋರಿಸಿದರೆ ಸಾಕಂತೆ. ಮೂರರಲ್ಲಿ ಒಂದು ಪಾಲು ಇವನಿಗೆ. ಸೊಸೈಟಿಯಿಂದ ಅಡವಿನ ನೋಟೀಸು ಬಂದ ವಾರವದು. ಶಿಷ್ಯ ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಯ ಜಗಲಿಯಲ್ಲಿ ಬಂದು ಕೂತ. ಹೋಗುವ ಮನಸ್ಸು ಮಾಡಿಯೇ ಬಂದಿದ್ದ ಎಂಬುದು ಅವನ ಮುಖದಲ್ಲೇ ತಿಳಿಯುತ್ತಿತ್ತು.

ನಾನು ಮೊದಲು ಕಾನೂನು ಹೇಳಿದೆ. ನೆಲದಡಿಯ ನಿಧಿಯ ಬಗ್ಗೆ ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಹತ್ತು ರೂಪಾಯಿ ಮೀರಿದ್ದು ಸಿಕ್ಕಿದರೂ ಕಲೆಕ್ಟರರಿಗೆ ತಿಳಿಸಬೇಕಿತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಸಿಕ್ಕಿದ್ದನ್ನು ಬಚ್ಚಿಟ್ಟುಕೊಳ್ಳುವುದು ಅಪರಾಧ. ಹೊಳೆಯಲ್ಲೋ ಗುಡ್ಡದಲ್ಲೋ ಸಹಜವಾಗಿ ಸಿಗುವ ಚಿನ್ನವೆಂದರೆ ಅದು ಖನಿಜ. 1957ರ ಗಣಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಅದನ್ನು ಹುಡುಕುವ ಹಾಗೂ ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಾಮಾನ್ಯ ಜನರಿಗೆ ಹಣ ಕಟ್ಟಿ ಪಡೆಯುವ ಹಕ್ಕುಪತ್ರವಿದೆ. ನಮ್ಮಲ್ಲಿ ಹಾಗಿಲ್ಲ.

ಕಾನೂನು ಕೇಳಿ ಅವನು ಸುಮ್ಮನೆ ತಲೆಯಾಡಿಸಿದ. ಕಷ್ಟದಲ್ಲಿರುವವನಿಗೆ ಕಾನೂನು ದೂರದ ಗುಡ್ಡ. ಆಗ ನಾನು ಪ್ರಯೋಗದ ನೋಟ್‌ಬುಕ್ಕನ್ನು ತೆಗೆದೆ. ಅಡುಗೆಮನೆಯಿಂದ ತಾಮ್ರದ ಚೆಂಬು, ಅದಕ್ಕೊಪ್ಪುವ ತಾಮ್ರದ ಮುಚ್ಚಳ ತಂದೆ. ಬರಿಯ ಚೆಂಬನ್ನು ಮುಚ್ಚಿ ತಟ್ಟೆಯ ಮುಂದೆ ಹಿಡಿದು ಅಂಕಿ ಬರೆದುಕೊಳ್ಳಲು ಹೇಳಿದೆ. ಆಮೇಲೆ ಉಂಗುರವನ್ನು ಅದರೊಳಗೆ ಹಾಕಿ ಮುಚ್ಚಿ ಹಿಡಿದೆ. ಅದೇ ಅಂಕಿ. ಉಂಗುರ ತೆಗೆದು ಒಲೆಯ ಬೂದಿ ತುಂಬಿಸಿದೆ. ಅದೇ ಅಂಕಿ. ಸುಳಿಗಳೆಲ್ಲ ತಾಮ್ರದ ಹೊರಮೈಯಲ್ಲೇ ಎದ್ದು ಮುಗಿಯುತ್ತವೆ. ಕಾಂತಕ್ಷೇತ್ರ ಒಳಗೆ ಹೋಗುವುದೇ ಇಲ್ಲ. ಹಂಡೆ ಇದ್ದರೆ ಹಂಡೆ ಎಂದೀತು. ಒಳಗೆ ವರಹವೋ ಬೂದಿಯೋ ಎಂಬುದು ಯಂತ್ರಕ್ಕೆ ಎಂದೆಂದೂ ಗೊತ್ತಾಗದು.

"ಹಾಗಾದರೆ ಅವರಿಗೆ ನನ್ನಿಂದ ಏನಾಗಬೇಕು?" ಎಂದು ಅವನೇ ಕೇಳಿದ.

"ಗುಡಿ ಒಡೆದವರು ಸಿಕ್ಕಿಬಿದ್ದರೆ ಪೊಲೀಸರು ಮೊದಲು ಕೇಳುವುದು ಯಂತ್ರ ಯಾರದ್ದು ಅಂತ" ಎಂದೆ.

ಅವನು ಆ ರಾತ್ರಿ ಯಂತ್ರವನ್ನು ನಮ್ಮ ಅಟ್ಟದಲ್ಲೇ ಬಿಟ್ಟುಹೋದ. ಕಾರಿನವರು ಮತ್ತೆ ಬಂದಾಗ, ಯಂತ್ರ ಮಾಸ್ಟ್ರ ಮನೆಯಲ್ಲಿ ಉಂಟು, ಬೇಕಾದರೆ ಅವರಲ್ಲಿ ಕೇಳಿ ಎಂದನಂತೆ. ಮೇಷ್ಟರನ್ನು ಕೇಳಲು ಯಾರೂ ಬರಲಿಲ್ಲ.

ಚಿನ್ನ ಹುಡುಕಿದವರಿಗೆಲ್ಲ ಬರಿಗೈಯೇ ಗತಿ ಎಂದು ನಾನು ಹೇಳುತ್ತಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನಕ್ಕಾಗಿ ಅಲೆಯುತ್ತಿದ್ದಾಗ ಬಂಡೆಯ ಮೇಲೆ ಅಕ್ಷರಗಳು ಕಂಡವು. ಆವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂದಷ್ಟೇ ಇತ್ತು. ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಅಲ್ಲಿ. ಕೋಲಾರದ ಪಾತಾಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರ ಜತೆಗೂಡಿ, ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದರು. ಚಿನ್ನ ತೆಗೆದ ಬಾವಿ ಅದಕ್ಕೂ ಒದಗಿತು. ಬೀಡನ್ ಅಕ್ಷರಗಳನ್ನು ಕಂಡು, ಇದು ಚಿನ್ನವಲ್ಲ ಎಂದು ಮುಂದೆ ಹೋಗಿದ್ದರೆ? ನೆಲ ನಾವು ಕೇಳಿದ್ದನ್ನು ಕೊಡುವುದಿಲ್ಲ, ತನ್ನಲ್ಲಿದ್ದದ್ದನ್ನು ಕೊಡುತ್ತದೆ. ಅದನ್ನು ಗುರುತಿಸುವಷ್ಟು ತಿಳಿವಳಿಕೆ ನಮ್ಮಲ್ಲಿರಬೇಕು.

ಶಿಷ್ಯನಿಗೆ ನೆಲ ಕೊಟ್ಟದ್ದು ಕಬ್ಬಿಣದ ಪೈಪು. ನಮ್ಮ ಕಡೆಯ ಹಳೆಯ ತೋಟಗಳಲ್ಲಿ ಅಪ್ಪಂದಿರು ಹಾಕಿಸಿದ ನೀರಿನ ಪೈಪುಗಳು ಎಲ್ಲಿ ಹಾದುಹೋಗಿವೆ ಎಂದು ಮಕ್ಕಳಿಗೆ ತಿಳಿಯದು. ಎಲ್ಲೋ ಸೋರುತ್ತದೆ, ಎಲ್ಲಿ ಅಗೆಯುವುದು? ಹುಲ್ಲಿನಡಿ ಮುಚ್ಚಿಹೋದ ವಾಲ್ವು ಎಲ್ಲಿ? ಈಗ ಅವನಿಗೆ ಫೋನು ಬರುತ್ತದೆ. ಅಷ್ಟು ದೊಡ್ಡ ಕಬ್ಬಿಣವಾದರೆ ಮುರಕಲ್ಲಿನ ಗದ್ದಲದ ನಡುವೆಯೂ ಯಂತ್ರ ಗುರುತು ಹಿಡಿಯುತ್ತದೆ. ಹೆಬ್ರಿಯಿಂದ ಹಿರಿಯಡಕದವರೆಗೆ ಬೈಕಿನಲ್ಲಿ ಹೋಗುತ್ತಾನೆ. ಪೈಪು ಪ್ಲಾಸ್ಟಿಕ್ಕಿನದಾದರೆ ಬರುವುದಿಲ್ಲ ಎಂದು ಮೊದಲೇ ಹೇಳುತ್ತಾನೆ. ಕಳೆದುಹೋದ ಉಂಗುರ, ಸರ ಹುಡುಕಿಕೊಟ್ಟರೆ ಇಂತಿಷ್ಟೆಂದು ಕೇಳುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾನೆ.

ಎರಡು ಬಳೆಗಳಲ್ಲಿ ಒಂದನ್ನು ಕಳೆದ ದೀಪಾವಳಿಗೆ ಬಿಡಿಸಿಕೊಂಡು ಬಂದ. ಇನ್ನೊಂದಕ್ಕೆ ಬಡ್ಡಿ ಓಡುತ್ತಿದೆ. ಸದ್ಯಕ್ಕೆ ನಮ್ಮೂರಿನಲ್ಲಿ ನನಗೆ ಗೊತ್ತಿರುವ ಅಡಗಿದ ಚಿನ್ನ ಅದೊಂದೇ. ಅದು ಎಲ್ಲಿದೆಯೆಂದು ಹುಡುಕಲು ಯಂತ್ರ ಬೇಡ, ರಶೀದಿ ಉಂಟು.